ಕೊಟ್ಟು ತಂದ ಸಂಬಂಧ

ಹೊಸನಗರದ ಕಡೆಯ ಭೂತಪ್ಪ ತನ್ನ ತಂಗಿ ಕನ್ನಮ್ಮನನ್ನು ಗುಡ್ಡದಾಚೆಯ ಜಟ್ಟಿಂಗಪ್ಪನಿಗೆ ಕೊಟ್ಟ. ಅದೇ ಚಪ್ಪರದಲ್ಲಿ ಜಟ್ಟಿಂಗಪ್ಪನ ತಂಗಿ ಪುಷ್ಪಮ್ಮನನ್ನು ತಂದುಕೊಂಡ. ಒಂದೇ ಖರ್ಚಿನಲ್ಲಿ ಎರಡು ಮದುವೆ ಎಂದು ಹಿರಿಯರು ಬೀಗಿದರು. ಬಾಯಿಬಿಟ್ಟು ಆಡದ ಕರಾರೊಂದು ಅಲ್ಲೇ ಆಗಿಹೋಗಿತ್ತು, ಅದು ಮಾತ್ರ ಯಾರಿಗೂ ಕಾಣಲಿಲ್ಲ. ಜಟ್ಟಿಂಗಪ್ಪ ಹೆಂಡತಿಗೆ ಹೊಡೆದ ಸುದ್ದಿ ಬಂದ ದಿನ ಭೂತಪ್ಪ ತನ್ನ ಹೆಂಡತಿಗೆ ಹೊಡೆಯುತ್ತಿದ್ದ. ಆ ಸುದ್ದಿ ಅತ್ತ ಮುಟ್ಟಿದರೆ ಮತ್ತೆ ಅಲ್ಲಿ ಶುರು. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಕೇಡು ಅನ್ನುತ್ತಾರೆ. ಈ ಕೋಣಗಳೋ, ಕಾದಾಡಿದ್ದೇ ಇಲ್ಲ. ಸಾಗರದ ಸಂತೆಯಲ್ಲಿ ಸಿಕ್ಕರೆ ಭಾವ ಭಾವ ಎನ್ನುತ್ತಾ ಒಬ್ಬರ ಸಂಚಿಯ ಎಲೆಯಡಿಕೆಯಿಂದ ಇನ್ನೊಬ್ಬರು ಕವಳ ಹಾಕುತ್ತಿದ್ದರು.

ಹೋದ ವರ್ಷ ಇಂಥದೇ ಒಂದು ಹೊಡೆತಕ್ಕೆ ಪುಷ್ಪಮ್ಮನ ಬಸಿರು ಇಳಿದುಹೋಗಿತ್ತು. ಶರಾವತಿಗೆ ಅಣೆ ಕಟ್ಟಿ ನೀರು ನಿಲ್ಲಿಸಿದ ಈ ವರ್ಷ ಅವಳಿಗೆ ಮತ್ತೆ ಐದು ತಿಂಗಳು. ಇದೊಂದು ಉಳಿದರೆ ಸಾಕು ಎಂದು ಕಂಡ ಕಲ್ಲಿಗೆಲ್ಲ ಕೈಮುಗಿದಿದ್ದಳು. ಪೆಟ್ಟು ಬಿದ್ದರೂ ಸುದ್ದಿ ಮಾಡಬೇಡ ಎಂದು ಕನ್ನಮ್ಮನಿಗೂ ಹೇಳಿಕಳಿಸಿದ್ದಳು. ಪಾಪ, ನಾಲ್ಕು ತಿಂಗಳು ಆ ಹುಡುಗಿ ತುಟಿ ಪಿಟಕ್ಕೆನ್ನಲಿಲ್ಲ.

ಒಂದು ಸಂತೆಯ ದಿನ ಮಧ್ಯಾಹ್ನ ಕನ್ನಮ್ಮನೇ ನಡೆದುಕೊಂಡು ಬಂದಳು. ಎಡಗೈ ಊದಿಕೊಂಡು ವಾರೆಯಾಗಿ ಜೋತುಬಿದ್ದಿತ್ತು. ಭೂತಪ್ಪ ಸಂತೆಗೆ ಹೋಗಿದ್ದ, ಅವನ ತಾಯಿ ಮೂಕಮ್ಮ ಸೊಪ್ಪು ತರಲು ಕಾಡಿಗೆ ಹೋಗಿದ್ದಳು.

“ಅತ್ಗೆ, ಒಂದು ಚೊಂಬು ನೀರು ಕೊಡು. ನಿಲ್ಲಕ್ಕೆ ಆಗ್ತಿಲ್ಲ.”

ಬಂದವರಿಗೆ ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಡುವುದು ಆ ಸೀಮೆಯ ಪದ್ಧತಿ. ಕೊಟ್ಟರೆ ಮಗಳು ತವರಿಗೆ ಬಂದಂತೆ. ಬಂದ ಮೇಲೆ ಯಾಕೆ ಬಂದಳೆಂದು ಅಣ್ಣನಾದವನು ಕೇಳಲೇಬೇಕು. ಕೊಡದಿದ್ದರೆ ಅವಳು ಬಂದೇ ಇಲ್ಲ. ಪುಷ್ಪಮ್ಮ ಹಾಗೆಂದು ನಂಬಿದಳು, ನಂಬದೆ ಅವಳಿಗೆ ಬೇರೆ ದಾರಿಯಿರಲಿಲ್ಲ. ತುಂಬಿದ ಚೊಂಬು ಅವಳ ಕೈಯಲ್ಲೇ ಇತ್ತು.

“ಒಳಗೆ ಬರಬೇಡ ಕನ್ನಮ್ಮ. ನಿನ್ನಣ್ಣ ಬರೋದ್ರೊಳಗೆ ಹೋಗ್ಬಿಡು. ನನ್ ಹೊಟ್ಟೇಲಿರೋದನ್ನ ನೋಡು, ನಿನ್ ಕಾಲಿಗೆ ಬೀಳ್ತೀನಿ.”

ಕನ್ನಮ್ಮ ಆ ಹೊಟ್ಟೆಯನ್ನು ನೋಡಿದಳು. ಏನೋ ಹೇಳಹೊರಟವಳು ಸುಮ್ಮನಾಗಿ ಬಂದ ದಾರಿಯನ್ನೇ ಹಿಡಿದಳು. ಪುಷ್ಪಮ್ಮ ಚೊಂಬು ಹಿಡಿದೇ ಹೊಸಿಲವರೆಗೆ ಬಂದಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕೂಗಿ ಕರೆಯಲಿಲ್ಲ.

ಸಂಜೆ ಭೂತಪ್ಪ ನಗುನಗುತ್ತಲೇ ಬಂದ. ಸಂತೆಯಲ್ಲಿ ಭಾವ ಸಿಕ್ಕಿ ಮಂಡಕ್ಕಿ ಕೊಡಿಸಿದನಂತೆ. ಅವನ ಹಿಂದೆಯೇ ಬಂದ ಮೂಕಮ್ಮ ಸೊಪ್ಪಿನ ಹೊರೆಯನ್ನು ಅಂಗಳದಲ್ಲಿ ಎಸೆದಳು. ಮಗಳು ಅವಳಿಗೆ ಗುಡ್ಡದ ದಾರಿಯಲ್ಲಿ ಸಿಕ್ಕಿದ್ದಳು, ಎಷ್ಟು ಕರೆದರೂ ತಿರುಗಿ ಬಂದಿರಲಿಲ್ಲ.

“ನಿನ್ ತಂಗಿ ಕೈ ಮುರಿಸ್ಕಂಡು ಬಂದಿದ್ಲು ಕಣೋ. ನಿನ್ ಹೆಂಡ್ತಿ ಒಂದು ಗುಟುಕು ನೀರೂ ಕೊಡ್ದೆ ಅಟ್ಟಿದಾಳೆ.”

ಬೇರೆ ದಿನಗಳಲ್ಲಿ ಭೂತಪ್ಪನಿಗೆ ಇದ್ದದ್ದು ಒಂದೇ ಕಾರಣ. ಇವತ್ತು ಎರಡಾಯಿತು. ಪುಷ್ಪಮ್ಮ ಗೋಡೆಗೆ ಮುಖಮಾಡಿ ಹೊಟ್ಟೆಯ ಮೇಲೆ ಮುದುಡಿ ಕುಳಿತಳು. “ಬೆನ್ನಿಗೆ ಹೊಡೀರಿ,” ಎಂದಳು, “ಬೆನ್ನಿಗೆ ಮಾತ್ರ ಹೊಡೀರಿ.” ಮೊದಮೊದಲು ಅವನು ಹಾಗೇ ಮಾಡಿದ.

ಬೆಳಿಗ್ಗೆ ನೆತ್ತರಾದ ಚಾಪೆ ತೊಳೆದವಳು ಮೂಕಮ್ಮ. ಸೊಸೆಯ ಪಕ್ಕ ಕುಳಿತು ಅವಳ ಕೈ ಹಿಡಿದುಕೊಂಡಳು. ನಿನ್ನೆಯ ಸಿಟ್ಟು ಮುಖದಲ್ಲಿ ಉಳಿದಿರಲಿಲ್ಲ.

“ನಿನ್ನಣ್ಣಂಗೆ ಈ ಸುದ್ದಿ ಮುಟ್ಟಬಾರ್ದು ಕಣವ್ವ. ಕನ್ನಮ್ಮಂಗೂ ಮೂರು ತಿಂಗಳಂತೆ. ಅದನ್ನ ಹೇಳಕ್ಕೇ ಬಂದಿದ್ಲು.”

ಪುಷ್ಪಮ್ಮ ಎದ್ದು ಕೂರಲು ನೋಡಿದಳು, ಆಗಲಿಲ್ಲ. “ನಾನು ಹೇಳಲ್ಲ ಅತ್ತೆ. ನಿಮ್ ಮಗನಿಗೆ ಹೇಳಿ,” ಎಂದಳು.

ಭೂತಪ್ಪ ಅಂಗಳದಲ್ಲಿ ಮೆಟ್ಟು ಹಾಕಿಕೊಳ್ಳುತ್ತಿದ್ದ. ಮೂಕಮ್ಮ ಓಡಿಹೋಗಿ ಅವನ ರಟ್ಟೆ ಹಿಡಿದಳು.

“ಬಿಡವ್ವ,” ಎಂದ ಅವನು ಕೊಸರಿಕೊಂಡು. “ಹೊಡೆದಿದ್ದು ಭಾವಂಗೆ ತಿಳೀದಿದ್ರೆ ಹೊಡೆದು ಏನು ಬಂತು? ನಾನೇ ಹೇಳಿ ಬರ್ತೀನಿ.”

ಅವನು ಗುಡ್ಡ ಹತ್ತಿ ಮರೆಯಾಗುವವರೆಗೂ ಮೂಕಮ್ಮ ಅಂಗಳದಲ್ಲೇ ನಿಂತಿದ್ದಳು.