ಬಾಯ್ತುಂಬ ಗುಂಡುಸೂಜಿ

ಎಡಭುಜ ಅರ್ಧ ಬೆರಳು ಕೆಳಗಿದೆ, ಸೀಮೆಸುಣ್ಣದ ಗೆರೆ ಸುಳ್ಳು ಹೇಳುವುದಿಲ್ಲ, ಕರಿಕೋಟಿನ ಮೇಲಂತೂ ಮುಚ್ಚಿಟ್ಟರೂ ಮುಚ್ಚುವುದಿಲ್ಲ — ಈ ವಕೀಲಮ್ಮ ಎಷ್ಟು ವರ್ಷದಿಂದ ಕಡತದ ಚೀಲವನ್ನು ಅದೇ ಹೆಗಲಿಗೆ ಏರಿಸಿಕೊಂಡು ಮೆಟ್ಟಿಲು ಹತ್ತಿ ಇಳಿದಿದ್ದಾರೋ, ಮೂಳೆಯೇ ಆ ಕಡೆಗೆ ವಾಲಿಬಿಟ್ಟಿದೆ, ಪರವಾಗಿಲ್ಲ, ಒಳಗೆ ಒಂದು ಪದರ ಹತ್ತಿ ಹೆಚ್ಚು ಇಟ್ಟರೆ ಆಯಿತು, ಇಪ್ಪತ್ತೆಂಟು ವರ್ಷದಲ್ಲಿ ಎರಡು ಕಡೆಯೂ ಸಮನಾಗಿರುವ ಮೈಯನ್ನು ಅವಳು ಒಂದೇ ಒಂದು ಸಲವೂ ಅಳೆದಿಲ್ಲ, ದೇವರು ಅಳತೆ ತಪ್ಪುತ್ತಾನೆ, ಹೊಲಿಯುವವಳು ಸರಿಮಾಡುತ್ತಾಳೆ, ಅದಕ್ಕೇ ಅಲ್ಲವೇ ಅಂಗಡಿ ನಡೆಯುವುದು — ಬಾಯಿಯ ಬಲಮೂಲೆಯಿಂದ ಒಂದು ಗುಂಡುಸೂಜಿ ತೆಗೆದು ಭುಜದ ಹೊಲಿಗೆಗೆ ಚುಚ್ಚಿದಳು, ಇನ್ನು ಏಳು ಉಳಿದವು, ತಲೆಗಳು ತುಟಿಯ ಹೊರಗೆ, ಮೊನೆಗಳು ಒಳಗೆ, ಬಲಗಡೆಯ ಹಲ್ಲುಗಳು ಕಚ್ಚಿ ಹಿಡಿದಿವೆ, ಯಾವಾಗಲೂ ಬಲಗಡೆಯೇ, ಎಡಗಡೆಗೆ ಅಭ್ಯಾಸವಿಲ್ಲ. ಮೂರು ಪಾಲಿನ ನಿಲುಗನ್ನಡಿಯ ನಡುವೆ ವಕೀಲಮ್ಮ ನಿಂತಿದ್ದಾರೆ, ಅತ್ತಿತ್ತಲ ಎರಡರಲ್ಲಿ ಅವಳು, ಒಂದರಲ್ಲಿ ತಾನು ದಿನಾ ನೋಡುವ ಮುಖ, ಇನ್ನೊಂದರಲ್ಲಿ ಕನ್ನಡಿಯೊಳಗಿನ ಕನ್ನಡಿ ಬಲವನ್ನು ಎಡ ಮಾಡಿ ಎಡವನ್ನು ಬಲ ಮಾಡಿ ತೋರಿಸುವ ಮುಖ, ಅಂದರೆ ಜನ ನೋಡುವ ಮುಖ — ಒಂದು ಕೆನ್ನೆ ಇಳಿಜಾರು, ಇನ್ನೊಂದರ ಕೆಳಗೆ ಯಾರೋ ಬೆಣಚುಕಲ್ಲು ಇಟ್ಟು ಹೊಲಿದ ಹಾಗೆ ಚೌಕ, ಗಲ್ಲ ಆ ಕಡೆಗೇ ಸರಿದಿದೆ, ತುಟಿಯ ಮೂಲೆ ಅದರ ಬೆನ್ನಿಗೆ ಹೋಗಿದೆ, ಆ ಕಡೆಯ ಕಣ್ಣು ಕೂಡ ಒಂದು ಎಳೆ ಸಣ್ಣದು. ಭುಜಕ್ಕಾದರೆ ಹತ್ತಿ ಇಡಬಹುದು. ಹೋದ ಮಂಗಳವಾರ ಹಲ್ಲಿನ ಡಾಕ್ಟರು, ಅವಳಿಗಿಂತ ಹತ್ತು ವರ್ಷ ಚಿಕ್ಕವರು, ತಣ್ಣಗಿನ ಅಂಗೈಗಳನ್ನು ಅವಳ ಎರಡೂ ಕೆನ್ನೆಗೆ ಒತ್ತಿ ಹಲ್ಲು ಕಚ್ಚಿ ನೋಡೋಣ ಅಂದರು, ಕಚ್ಚಿದಳು, ಅಬ್ಬ, ಈ ಕಡೆ ಕುಸ್ತಿ ಆಡಿಸ್ತಿದೀರಲ್ರೀ, ಎಂದು ನಕ್ಕರು, ಉಬ್ಬಿರುವುದು ಅಗಿಯುವ ಸ್ನಾಯುವಂತೆ, ಕೆಲಸ ಹೆಚ್ಚು ಕೊಟ್ಟರೆ ತೋಳಿನ ಹಾಗೇ ಅದೂ ಉಬ್ಬುತ್ತದಂತೆ, ಕಿವಿಯ ಮುಂದಿನ ಕೀಲು ಜರುಗಿದೆಯಂತೆ, ಅದಕ್ಕೇ ಬಾಯಿ ತೆರೆದರೆ ಗಲ್ಲ ಬಲಕ್ಕೆ ಓಡಿ ಟಕ್ಕೆಂದು ನಿಲ್ಲುವುದು, ಮೂರು ಬೆರಳು ನಿಲ್ಲಿಸಿ ಬಾಯೊಳಗಿಡಿ ಅಂದರು, ಒಂದೂವರೆಗೇ ನಿಂತುಹೋಯಿತು. ಯಾರ ಮುಖವೂ ಎರಡು ಕಡೆ ಒಂದೇ ಥರ ಇರಲ್ಲ, ಆದ್ರೆ ನಿಮ್ಮದು ನೀವೇ ಮಾಡ್ಕೊಂಡಿರೋದು, ಸ್ವಲ್ಪ ವಾಪಸ್ ಬರತ್ತೆ, ಮಲಗುವಾಗ ಹಲ್ಲಿಗೆ ಹಾಕ್ಕೊಳ್ಳೋಕೆ ಒಂದು ಅಚ್ಚು ಮಾಡಿಕೊಡ್ತೀನಿ, ಎರಡು ಕಡೆಯೂ ಅಗಿದು ತಿನ್ನಿ, ಊಟ ಬಿಟ್ಟು ಬೇರೆ ಹೊತ್ತಲ್ಲಿ ಹಲ್ಲಿಗೆ ಹಲ್ಲು ತಾಗಲೇಬಾರದು, ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ — ಹಲ್ಲಿಗೆ ಹಲ್ಲು ತಾಗದೆ ದಿನ ಕಳೆಯುವ ಜನರೂ ಇದ್ದಾರೆಯೇ, ಇದ್ದರೆ ಯಾವ ಮನೆಯಲ್ಲಿ, ಅವರಿಗೆ ಅಣ್ಣಂದಿರಿಲ್ಲವೇ — ಮನಸಲ್ಲಿ ಸಿಟ್ಟು ಗಿಟ್ಟು ಇದ್ರೆ ಹೊರಗೆ ಹಾಕಿಬಿಡಿ, ಎಂದು ಕೊನೆಗೆ ಚೀಟಿ ಬರೆಯುತ್ತ ಹೇಳಿದರು, ಎಲ್ಲಿ ಹಾಕಲಿ ತಾಯಿ, ಬುಟ್ಟಿ ತೋರಿಸು, ಎಂದು ಅವಳಿಗೆ ಕೇಳಬೇಕೆನಿಸಿತು, ಬರೀ ತಲೆಯಾಡಿಸಿದಳು, ತಲೆಯಾಡಿಸುವಾಗಲೇ ಹಲ್ಲು ಕೂಡಿದ್ದು ಗೊತ್ತಾಯಿತು.

ಪರದೆ ಸರಿಯಿತು, ಅಣ್ಣ, ಕೊರಳಲ್ಲಿ ಟೇಪು ಹಾಕಿಕೊಂಡೇ ಬರುತ್ತಾನೆ, ಹತ್ತು ವರ್ಷದಿಂದ ಒಬ್ಬರ ಅಳತೆ ತೆಗೆದಿಲ್ಲ, ಆದರೂ ಟೇಪು ಬೇಕು, ಪುಟ್ಟೀ, ಎಂದ, ಅವಳಿಗೆ ನಲವತ್ತಾರು — ಪುಟ್ಟೀ, ಒಂದನೇ ತಾರೀಖಿಂದ ನೀನು ಒಳಗಡೆ ಕೂತ್ಕೋ, ಅಳತೆ, ಟ್ರಯಲ್ಲು ಎಲ್ಲಾ ಸೊಸೆ ನೋಡ್ಕೋತಾಳೆ, ನಿಂಗೂ ನಿಂತು ನಿಂತು ಕಾಲುನೋವು. ಅವಳ ಕಾಲಿಗೆ ಏನೂ ಆಗಿಲ್ಲ. ವಕೀಲಮ್ಮ ಅಲ್ಲೇ ನಿಂತಿದ್ದಾರೆ, ಒಂದು ತೋಳು ಚಾಚಿಕೊಂಡು, ಅಂಗಿ ತೊಡಿಸಿದ ಬೊಂಬೆಯ ಮುಂದೆ ಮಾತಾಡುವ ಹಾಗೆ ಅಣ್ಣ ಮಾತಾಡುತ್ತಿದ್ದಾನೆ, ಆಮೇಲೆ ಜನಾನೂ ಕೇಳ್ತಾರೆ ಪುಟ್ಟಿ, ನಿಮ್ಮ ತಂಗಿ ಯಾಕೆ ಯಾವಾಗ್ಲೂ ಸಿಟ್ಟಲ್ಲಿರೋ ಹಾಗೆ ಕಾಣ್ತಾರೆ ಅಂತ, ಮುಖ ನೋಡಿ ಬರೋ ವ್ಯಾಪಾರ ಅಲ್ವಾ ಇದು — ಮುಖ, ಸಿಟ್ಟಲ್ಲಿರುವ ಹಾಗೆ ಕಾಣುವ ಮುಖ, ಹಾಗೆ ಕಾಣುವುದಂತೆ, ಇಪ್ಪತ್ತೆಂಟು ವರ್ಷ ಒಳಗೆ ಕುದಿದದ್ದು ಕೊನೆಗೊಮ್ಮೆ ಹೊರಗೆ ಕಂಡರೆ ಅದೂ ಅವಳದೇ ತಪ್ಪು, ತೋಳಿನ ತುದಿಗೆ ಒಂದು ಸೂಜಿ, ಮಡಿಕೆಗೆ ಇನ್ನೊಂದು, ಐದು ಉಳಿದವು, ಕೈಗೆ ಏನೂ ಗೊತ್ತಿಲ್ಲ. ಒಳಗಡೆ ಎಂದರೆ ಇಸ್ತ್ರಿ ಮೇಜಿನ ಪಕ್ಕದ ಕಿಟಕಿಯಿಲ್ಲದ ಕೋಣೆ, ಕಾಜ ಹೊಲಿಯುವ, ಗುಂಡಿ ಹಾಕುವ, ಅಂಚು ಮಡಿಸುವ ಜಾಗ, ಅಲ್ಲಿಗೆ ಬಟ್ಟೆ ಬರುತ್ತದೆ, ಮೈ ಬರುವುದಿಲ್ಲ, ಮೈ ಇಲ್ಲದ ತೋಳು, ಕೊರಳು ಇಲ್ಲದ ಕಾಲರು, ಯಾವ ಭುಜ ಕೆಳಗಿದೆ ಎಂದು ನೋಡಲು ಅಲ್ಲಿ ಭುಜವೇ ಇಲ್ಲ — ಅವಳಿಗೆ ಬರುವುದು ಅದೊಂದೇ, ಎದುರು ನಿಂತವರ ಮೈಯ ವಾರೆಕೋರೆ ಕಂಡುಹಿಡಿದು ಅವರಿಗೂ ಗೊತ್ತಾಗದ ಹಾಗೆ ಮುಚ್ಚುವುದು. ಸೊಸೆ ಒಳ್ಳೆಯ ಹುಡುಗಿ, ಅಣ್ಣನ ಮಗನ ಹೆಂಡತಿ, ಅಳೆದು ಕತ್ತರಿಸಿದಂಥ ಮುಖ, ನಡುವೆ ಮಡಿಸಿದರೆ ಒಂದರ ಮೇಲೊಂದು ಕೂರುತ್ತದೆ, ಮೊನ್ನೆ ಕೇಳಿದಳು, ಅತ್ತೆ, ಬರೀ ಕಣ್ಣಲ್ಲಿ ನೋಡಿ ಹೇಗೆ ಗೊತ್ತಾಗತ್ತೆ ನಿಮಗೆ, ನಂಗೆ ಎಲ್ಲರೂ ನೆಟ್ಟಗೇ ಕಾಣ್ತಾರೆ, ಅವಳ ಮೇಲಾದರೂ ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತೇನೋ, ಬರುವುದಿಲ್ಲ, ಸುತ್ತಿ ಸುತ್ತಿ ಅದು ಬಂದು ನಿಲ್ಲುವುದು ಈ ಕೊರಳ ಟೇಪಿನ ಹತ್ತಿರವೇ. ಹತ್ತೊಂಬತ್ತು ವರ್ಷದ ಹಿಂದೆ, ಅಂದೂ ಇದೇ ಪರದೆ, ಇದೇ ಕನ್ನಡಿ, ಬಾಯಲ್ಲಿ ಒಂಬತ್ತು ಸೂಜಿ, ಯಾರದೋ ಲಂಗದ ಅಂಚಿಗೆ ಮಂಡಿಯೂರಿ ಕೂತಿದ್ದಳು, ಉದ್ದವೇ ಇಲ್ಲದ ಪ್ಯಾಂಟನ್ನು ಗಿಡ್ಡ ಮಾಡಿಸಲು ಎರಡು ಸಲ ಬಂದಿದ್ದ ಆ ಸರ್ವೆಯವನು, ಭೂಮಿ ಅಳೆಯುವವನು, ಮೂರನೆಯ ಸಲ ತನ್ನ ಅಕ್ಕನನ್ನು ಕರೆದುಕೊಂಡು ಹೆಣ್ಣು ಕೇಳಲು ಮನೆಗೇ ಬಂದಿದ್ದ, ಅಣ್ಣ ಪರದೆ ಸರಿಸಿ ಹೇಳಿದ, ಆ ಸರ್ವೆಯವರಿಗೆ ಬೇಡ ಅಂತ ಹೇಳ್ಬಿಟ್ಟೆ ಪುಟ್ಟಿ, ನಿಂಗೂ ಅಷ್ಟೊಂದು ಮನಸ್ಸಿರಲಿಲ್ಲ, ಅಲ್ವಾ — ಅಲ್ವಾ, ಒಂಬತ್ತು ಸೂಜಿ ಇರುವ ಬಾಯಿಗೆ ಕೇಳುವ ಪ್ರಶ್ನೆಯೇ ಅದು, ಕಚ್ಚಿದ ರಭಸಕ್ಕೆ ಹಲ್ಲಿನ ಒಂದು ಚೂರು ಮುರಿದು ನಾಲಿಗೆಗೆ ಬಂತು, ಸೂಜಿಗಳ ನಡುವೆ ಉಗುಳಲೂ ಆಗದೆ ಚೂರನ್ನು ನುಂಗಿದಳು, ಅಂಚು ಮುಗಿಸಿದಳು, ಅಂಚು ನೆಟ್ಟಗೇ ಬಂದಿತ್ತು. ಬೋರ್ಡು ಬದಲಾದದ್ದೂ ಹಾಗೇ, ಅಪ್ಪನ ಅಂಗಡಿ, ಅಮ್ಮನ ಮಷಿನು, ಅವಳ ಕಣ್ಣು, ಬೋರ್ಡಿನ ಮೇಲೆ ಅಣ್ಣ ಮತ್ತು ಅಣ್ಣನ ಮಗ, ಬಣ್ಣದವನು ಏಣಿ ಇಳಿದ ಮೇಲೆ ಸುದ್ದಿ ತಲುಪಿದ್ದು ಪರದೆಯ ಒಳಗೆ, ಬಾಯಲ್ಲಿ ಸೂಜಿ. ಅಮ್ಮ ಹೇಳುತ್ತಿದ್ದಳು, ಹೆಣ್ಣಾದವಳು ಎಲ್ಲ ಹೊಟ್ಟೆಗೆ ಹಾಕ್ಕೋಬೇಕು ಕಣೇ, ಅಯ್ಯೋ ಅಮ್ಮ, ಹೊಟ್ಟೆಯ ತನಕ ಹೋಗಲೇ ಇಲ್ಲ, ದವಡೆಯಲ್ಲೇ ನಿಂತುಬಿಟ್ಟಿತು, ಅಲ್ಲೇ ಗಟ್ಟಿಯಾಯಿತು, ಮುಟ್ಟಿ ನೋಡು ಬೇಕಾದರೆ. ಆದರೂ ಅಣ್ಣ ಒಬ್ಬನನ್ನೇ ಬೈದರೆ ಅರ್ಧ ಸುಳ್ಳು, ಅಮ್ಮ ಮಖಮಲ್ಲಿನಲ್ಲಿ ಒಂದು ಸೂಜಿದಿಂಬು ಹೊಲಿದುಕೊಟ್ಟಿದ್ದಳು, ಮಣಿಕಟ್ಟಿಗೆ ಕಟ್ಟಿಕೊಳ್ಳೇ, ಬಾಯಿ ಖಾಲಿ ಇರಲಿ ಎಂದು, ಕಟ್ಟಿಕೊಂಡಳೇ, ಇಲ್ಲ, ಮೆಟ್ಟಿಲ ಮೇಲೆ ಅಣ್ಣನ ಚಪ್ಪಲಿ ಸದ್ದಾದರೆ ಸಾಕು, ಕೈ ತಾನಾಗಿ ಡಬ್ಬಿಗೆ ಹೋಗುತ್ತಿತ್ತು, ನಾಲ್ಕು, ಐದು, ಆರು ಸೂಜಿ ಬಾಯಿಗೆ, ಹೊಲಿಯಲು ಏನೂ ಇಲ್ಲದಾಗಲೂ, ಸೂಜಿ ಇದ್ದರೆ ಮಾತಾಡಬೇಕಾಗಿಲ್ಲ, ಮಾತಾಡಿ ಸೋಲಬೇಕಾಗಿಲ್ಲ, ಬಾಯಿಗೆ ಬೀಗ ಹಾಕಿದವನು ಅಣ್ಣನಲ್ಲ, ಅವನು ಬರುವ ಹೊತ್ತಿಗೆ ಬೀಗ ಹಾಕಿಯೇ ಇರುತ್ತಿತ್ತು — ಥೂ, ಇದೇ ಎಲ್ಲಕ್ಕಿಂತ ಹೆಚ್ಚು ಉರಿಯುವುದು, ಆ ಡಾಕ್ಟರಿಗೆ ಹೇಗೆ ಗೊತ್ತಾಯಿತು, ನೀವೇ ಮಾಡ್ಕೊಂಡಿರೋದು.

ಹಾಗಾದ್ರೆ ಆಯ್ತಲ್ಲ ಪುಟ್ಟಿ, ಎಂದು ಅಣ್ಣ ಹೊರಟ, ಅವನು ಯಾವಾಗಲೂ ಆಯ್ತಲ್ಲ ಎಂದೇ ಹೊರಡುವುದು, ಆಗ ವಕೀಲಮ್ಮ, ಚಾಚಿದ ತೋಳನ್ನು ಅಲುಗಿಸದೆ, ಕನ್ನಡಿಯಲ್ಲೇ ಅವನನ್ನು ನೋಡಿ, ಅವರು ಏನಂತಾರೆ, ಕೇಳಿದ್ರಾ, ಎಂದರು. ಅಣ್ಣ ನಕ್ಕ, ಗಿರಾಕಿಗಳಿಗೆಂದೇ ಇಟ್ಟಿರುವ ನಗು, ಅವಳೇನಂತಾಳೆ ಮೇಡಂ, ಬಾಯಿಲ್ಲದ ಪ್ರಾಣಿ, ಬಂಗಾರ ನಮ್ಮ ಪುಟ್ಟಿ, ಮೌನ ಸಮ್ಮತಿ ಲಕ್ಷಣ ಅಂತಾರಲ್ಲ. ಬಾಯ್ತುಂಬ ಸೂಜಿ ಇದ್ರೆ ನಾನೂ ಬಂಗಾರಾನೇ ಬಿಡಿ, ಎಂದರು ವಕೀಲಮ್ಮ, ಕೋಪದಿಂದಲ್ಲ, ನಿಂತು ನಿಂತು ಬೇಸತ್ತವರ ದನಿಯಲ್ಲಿ, ಅಷ್ಟೇ, ಮತ್ತೆ ತಮ್ಮ ತೋಳು ನೋಡಿಕೊಂಡರು — ಅಷ್ಟೇ ಸಾಕಾಯಿತೇ, ಯಾರೋ ದಾರಿಹೋಕರ ಒಂದು ಮಾತು, ಮನೆಯವರು ಒಬ್ಬರೂ ಕೇಳದ್ದು, ಅಂಥ ದೊಡ್ಡ ಮಾತೂ ಅಲ್ಲ, ಆದರೆ ಕೆನ್ನೆಯ ಕಲ್ಲಿಗೆ ಎಲ್ಲೋ ಬೆರಳು ತಾಗಿದ ಹಾಗೆ, ನೋವು ಕಿವಿಯವರೆಗೆ ಹೋಯಿತು, ಅಲ್ಲಿಂದ ನೆತ್ತಿಗೆ. ಬಲಗೈ ಎತ್ತಿ ಮೊದಲನೆಯ ಸೂಜಿ ತೆಗೆದಳು, ಕೋಟಿಗೆ ಚುಚ್ಚಲಿಲ್ಲ, ಎಡಗೈಯ ಅಂಗೈಮೇಲೆ ಇಟ್ಟಳು, ಎರಡನೆಯದು, ಅಣ್ಣ ಪರದೆ ಹಿಡಿದು ನಿಂತ, ಅವನು ಅವಳಿಗಾಗಿ ಕಾದು ನಿಂತದ್ದು ಇದೇ ಮೊದಲಿರಬೇಕು, ಮೂರನೆಯದು, ಅವಸರ ಯಾಕೆ, ಹತ್ತೊಂಬತ್ತು ವರ್ಷ ಹಿಂದಿನ ಆ ಅಲ್ವಾ ಎಂಬುದಕ್ಕೂ ಸೇರಿಸಿ ಉತ್ತರ ಕೊಡಬೇಕು, ಎಷ್ಟೊಂದು ಇದೆ ಹೇಳಲು, ಸರ್ವೆಯವನದು, ಬೋರ್ಡಿನದು, ಕಾಲುನೋವಿನದು, ಪುಟ್ಟಿ ಎನ್ನುವುದೂ ಬೇಡ ಇನ್ನು, ನಾಲ್ಕನೆಯದು, ಐದನೆಯದು ತುಟಿಗೆ ಅಂಟಿಕೊಂಡಿತ್ತು, ಬಿಡಿಸಿಕೊಂಡಳು, ಬಾಯಿ ತೆರೆದಳು, ಪೂರ್ತಿ ತೆರೆಯಲಿಲ್ಲ, ಗಲ್ಲ ಬಲಕ್ಕೆ ಓಡಿ ಟಕ್ಕೆಂದು ನಿಂತಿತು, ಒಂದು ಬೆರಳಿನಷ್ಟು ಸಂದು, ಅಷ್ಟರಿಂದ ಇಪ್ಪತ್ತೆಂಟು ವರ್ಷ ಹೊರಗೆ ಬರುವುದಿಲ್ಲ, ಕನ್ನಡಿಗಳಲ್ಲಿ ಆ ವಾರೆಮುಖ, ಒಂದರಲ್ಲಿ ಬಲಕ್ಕೆ ವಾರೆ, ಒಂದರಲ್ಲಿ ಎಡಕ್ಕೆ, ಎರಡೂ ಅವಳದೇ, ಎಷ್ಟು ಸಿಟ್ಟಿದೆ ಆ ಮುಖದಲ್ಲಿ, ಜನ ಸರಿಯಾಗಿಯೇ ನೋಡಿದ್ದಾರೆ, ನಾಚಿಕೆಯಾಗಲಿಲ್ಲ, ಇದ್ದ ಸಂದಿನಿಂದಲೇ ಹೇಳಿದಳು, ಇಲ್ಲ. ಏನು, ಎಂದ ಅಣ್ಣ. ನಾನು ಒಳಗೆ ಕೂರಲ್ಲ, ಎಂದಳು, ಮಾತು ಹಲ್ಲಿಗೆ ಉಜ್ಜಿಕೊಂಡು ಬಂತು, ಇಲ್ಲೇ ಇರ್ತೀನಿ, ಸೊಸೆಗೆ ನಾನೇ ಕಲಿಸ್ತೀನಿ, ಇಲ್ಲೇ, ಈ ಕನ್ನಡಿ ಮುಂದೆ. ಅಣ್ಣ ಹುಬ್ಬು ಗಂಟಿಕ್ಕಿದ, ಮೊದಲು ಆ ಸೂಜಿ ತೆಗೆದು ಮಾತಾಡು ಪುಟ್ಟಿ, ಒಂದೂ ತಿಳಿಯಲ್ಲ. ಅವಳು ಎಡಗೈ ಮುಂದಕ್ಕೆ ಚಾಚಿ ಬೆರಳು ಬಿಡಿಸಿದಳು, ಅಂಗೈಮೇಲೆ ಐದು ಸೂಜಿ, ಎಂಜಲಿಂದ ಇನ್ನೂ ಒದ್ದೆ, ದೀಪದ ಕೆಳಗೆ ಹೊಳೆಯುತ್ತಿವೆ, ಅಣ್ಣ ಅಂಗೈ ನೋಡಿದ, ಬಾಯಿ ನೋಡಿದ, ಮತ್ತೆ ಅಂಗೈ ನೋಡಿದ, ಆರನೆಯದೊಂದು ಬಾಯೊಳಗೆ ಎಲ್ಲೋ ಉಳಿದಿರಲೇಬೇಕು ಎಂಬಂತೆ ಮತ್ತೆ ಬಾಯಿ ನೋಡಿದ, ಅವಳು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ — ಐದು ಸೂಜಿ, ಅಂಗೈಮೇಲೆ, ಐದೇ.