ಸಿಂಬೆ ಹೊತ್ತ ಮುಖ

“ಆಫ್ರಿಕಾದ ಮೋರೆ ಹುಡುಕಿಕೊಂಡು ಎಲ್ಲಿಗೆ ಹೋಗ್ತೀಯ ಬೇವಾರ್ಸಿ? ನಿನ್ನ ಮನೆಯಲ್ಲಿ ಕನ್ನಡಿ ಇಲ್ವಾ? ನಿನ್ನದೇ ಕೆತ್ತು. ಕರಿ ಬಣ್ಣ ಹಾಕುವ ಕೆಲಸವೂ ಇಲ್ಲ!”

ಶೋಧನ್ ಧಣಿ ನಕ್ಕ. ಸುಬ್ಬಯ್ಯನೂ ನಕ್ಕ. ಮೂವತ್ತು ವರ್ಷ ಧಣಿಯ ಮರಗೆಲಸ ಮಾಡಿದವನಿಗೆ ಆ ನಗು ತಾನಾಗಿಯೇ ಬರುತ್ತಿತ್ತು. ಮನೆಗೆ ಹೋಗಿ ಅದನ್ನು ನೆನೆದರೆ ಮಾತ್ರ ಅನ್ನ ಸೇರುತ್ತಿರಲಿಲ್ಲ.

ಧಣಿ ಮೊಬೈಲಿನಲ್ಲಿ ತೋರಿಸಿದ್ದು ಒಂದು ಕೋಲಿನ ಚಿತ್ರ. ಆಫ್ರಿಕಾದ ಜುಲು ಜನರದ್ದೆಂದು ಮಾರಿದ್ದಂತೆ, ಆದರೆ ಕೆತ್ತಿದ್ದು ಅಲ್ಲಿಯದೇ ತ್ಸೋಂಗಾ ಎಂಬ ಬೇರೆ ಜನವಂತೆ. ಕೈ ಹಿಡಿಯುವ ತುದಿಯಲ್ಲಿ ಗಂಡಸಿನ ತಲೆ, ಅದರ ಮೇಲೊಂದು ದುಂಡನೆಯ ಬಳೆ. ವೇಣೂರಿನ ಹೊಸ ಹೋಂಸ್ಟೇ ಉದ್ಘಾಟನೆಯ ದಿನ ಕೈಯಲ್ಲಿ ಹಿಡಿಯಲು ಧಣಿಗೆ ಅಂಥದ್ದೇ ಬೇಕು.

“ಕೆತ್ತಿದವನ ಹೆಸರು ಉಂಟಾ ಧಣಿ?”

“ಅದು ಯಾರಿಗೆ ಬೇಕು ಮಾರಾಯ?”

ಬೀಟೆ ಮರದ ಒಂದೇ ತುಂಡಿನಲ್ಲಿ ಸುಬ್ಬಯ್ಯ ಕೆತ್ತಿದ. ಚಪ್ಪಟೆ ಮೂಗು, ಒಡೆದ ತುಟಿ, ಎಲ್ಲ ತನ್ನದೇ. ತಲೆಯ ಮೇಲಿನ ಬಳೆಯನ್ನು ಹೊರೆ ಹೊರುವ ಸಿಂಬೆಯೆಂದೇ ತಿಳಿದ. ಬಡವನ ತಲೆಯ ಮೇಲೆ ಮತ್ತೇನಿರುತ್ತದೆ? ಅವನ ಅಪ್ಪನ ನೆತ್ತಿ ಇದೇ ಧಣಿಯ ಮನೆಗೆ ಭತ್ತ ಹೊತ್ತೇ ಬೋಳಾಗಿತ್ತು. ಸಿಂಬೆಯ ಬೈಹುಲ್ಲಿನ ಒಂದೊಂದು ಹುರಿಯನ್ನೂ ಬಿಡಿಸಿ ಕೆತ್ತಿದ. ಅಷ್ಟು ಚೆನ್ನಾದ ಕೆಲಸ ಅವನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಉದ್ಘಾಟನೆಯ ದಿನವೂ ಅವನು ಅಲ್ಲಿ ಬಾಗಿಲು ಸರಿಮಾಡುತ್ತಿದ್ದ. ಮಗಳು ಸಾತ್ವಿಕಾ ಅಲ್ಲಿಯೇ ಕೆಲಸಕ್ಕೆ ಸೇರಿದ್ದಳು. ಜ್ಯೂಸಿನ ಟ್ರೇ ಹಿಡಿದು ಬಂದವಳು ಧಣಿಯ ಅಂಗೈಯಡಿ ಅಪ್ಪನ ಮುಖ ಕಂಡು ನಿಂತುಬಿಟ್ಟಳು. ಧಣಿ ಮಾತಿನ ನಡುವೆ ಹೆಬ್ಬೆರಳಿನಿಂದ ಅದರ ಮೂಗು ತಿಕ್ಕುತ್ತಿದ್ದ. ಸುಬ್ಬಯ್ಯನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಮುಖ ಕೊಟ್ಟವನು ತಾನೇ ಅಲ್ಲವೇ.

ಮೂಡುಬಿದಿರೆಯಿಂದ ಬಂದಿದ್ದ ಮೇಷ್ಟ್ರೊಬ್ಬರು ಕೋಲನ್ನು ತಿರುಗಿಸಿ ನೋಡಿದರು. “ತಲೆಯ ಮೇಲಿನ ಈ ಬಳೆ ಜುಲು ಜನರಲ್ಲಿ ಎಲ್ಲರಿಗೂ ಸಿಗುವುದಲ್ಲ. ಊರಲ್ಲಿ ಮರ್ಯಾದೆ ಇದ್ದ ಗಂಡಸಿನ ಗುರುತು. ಇವರು ಯಾರು, ನಿಮ್ಮ ಹಿರಿಯರಾ?”

ಯಾರೋ ಸುಬ್ಬಯ್ಯನತ್ತ ಬೆರಳು ತೋರಿಸಿದರು. ಅಂಗಳವೆಲ್ಲ ನಕ್ಕಿತು. ಧಣಿಯ ಮುಖ ಕೆಂಪಾಯಿತು.

“ಹಿರಿಯನಾ? ಈ ನಾಯಿಯಾ? ಏ ಸುಬ್ಬ! ಆ ಬಳೆ ಈಗಲೇ ಕೆತ್ತಿ ತೆಗಿ, ಇಲ್ಲಿಯೇ. ಮೋರೆ ಇರಲಿ, ಕೈ ಇಡ್ಲಿಕ್ಕೆ ಬೇಕು.”

ಸುಬ್ಬಯ್ಯ ಕೋಲು ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತ. ಹೇಳಿದ ಕೂಡಲೇ ಕೂತೆನಲ್ಲ ಎಂದು ನಾಚಿಕೆಯಿಂದ ಕಿವಿ ಸುಟ್ಟಿತು.

“ಅಪ್ಪ, ತೆಗೀಬೇಡಿ,” ಎಂದಳು ಸಾತ್ವಿಕಾ.

“ತೆಗಿ ಅಂದೆ, ಬೋಳಿಮಗನೇ!”

ಸುಬ್ಬಯ್ಯ ಉಳಿ ಊರಿ ಹೊಡೆದ. ಮೂಗು ಹೋಯಿತು. ತುಟಿ, ಕೆನ್ನೆ, ಕಣ್ಣು ಒಂದೊಂದೇ ಚಕ್ಕೆಯಾಗಿ ಮೆಟ್ಟಿಲಿಗೆ ಉದುರಿದವು. ಸಿಂಬೆಗೆ ಉಳಿ ತಾಗಲಿಲ್ಲ.

“ಏಯ್, ಎಂಥ ಮಾಡ್ತೀಯ!”

ಅವನು ಎದ್ದು ಕೋಲನ್ನು ಗೋಡೆಗೆ ಒರಗಿಸಿದ. “ಸಿಂಬೆ ನಿಮಗಿರಲಿ ಧಣಿ. ಅದರ ಅಡಿಯಲ್ಲಿ ಇನ್ನು ನಾನಿಲ್ಲ.”

ಸಾತ್ವಿಕಾ ಟ್ರೇ ಕೆಳಗಿಟ್ಟಳು. ಬಗ್ಗಿ ಮೂಗಿನ ಚಕ್ಕೆಯನ್ನು ಹೆಕ್ಕಿದಳು. ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಪ್ಪನ ಹಿಂದೆ ಗೇಟಿನತ್ತ ನಡೆದಳು.