ಬಲಬದಿಯ ಹಲಗೆಗಳು

ಟ್ರೇಲರಿನ ನೆಲಕ್ಕೆ ಸ್ಕ್ರೂಡ್ರೈವರ್ ಚುಚ್ಚಿದೆ. ಹಿಡಿಯವರೆಗೂ ಇಳಿದುಹೋಯಿತು.

"ಆಯ್ತಾ ಪರೀಕ್ಷೆ?" ಅಕ್ಕ ಥೀಯಾ ಜಗಲಿಯಿಂದ ಕೂಗಿದಳು. "ಪಾಸೋ ಫೇಲೋ?"

"ಇದರ ಮೇಲೆ ಬೆಕ್ಕನ್ನೂ ನಿಲ್ಲಿಸೋ ಹಾಗಿಲ್ಲ."

"ನಿನ್ನ ಕೇಳಿದ್ರೆ ಚರ್ಚಿನ ನೆಲಾನೂ ಕುಸಿಯುತ್ತೆ ಕಣೋ ಲಾರ್ನ್."

ನಗುತ್ತಿದ್ದಳು, ಆದರೆ ಕಣ್ಣು ಬೆಟ್ಟದ ಮೇಲಿತ್ತು. ಕಾಡಿನ ಬೆಂಕಿ ಆಚೆಯ ಬೆಟ್ಟಸಾಲಿನವರೆಗೆ ಬಂದಿತ್ತು. ಕಣಿವೆ ಖಾಲಿ ಮಾಡಿ ಎಂಬ ಆದೇಶ ಇಂದೋ ನಾಳೆಯೋ ಬರುವುದಿತ್ತು. ಅವಳ ಮುದಿ ಕುದುರೆ ಟ್ಯಾನ್ಸಿಯನ್ನು ಸಾಗಿಸಲು ಇದ್ದದ್ದು ಈ ಒಂದೇ ಟ್ರೇಲರ್. ಓಡುವಾಗ ಹಲಗೆ ಮುರಿದರೆ ಕುದುರೆಯ ಕಾಲು ನೇರ ರಸ್ತೆಗೆ. ಅದನ್ನೇ ನೆನೆದು ನನಗೆ ನಿದ್ದೆ ಬಂದಿರಲಿಲ್ಲ.

ಅದು ಎರಡು ಕುದುರೆಗಳ ಟ್ರೇಲರ್, ನಡುವೆ ಅಡ್ಡಗೋಡೆ. ಒಂದೇ ಕುದುರೆಯಾದರೆ ಎಡಕ್ಕೇ ನಿಲ್ಲಿಸುತ್ತೇವೆ. ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ, ಅದು ಬಲ ಅಂಚಿಗೆ ಇಳಿಜಾರಾಗಿರುತ್ತದಲ್ಲ, ಭಾರ ಎತ್ತರದ ಬದಿಗಿರಬೇಕು. ಟ್ಯಾನ್ಸಿ ಯಾವಾಗಲೂ ಎಡಕ್ಕೇ. ಎಡದ ನೆಲಕ್ಕೆ ಹಾಸಿದ್ದ ಹುಲ್ಲು ಸರಿಸಿದಾಗ ಗೊರಸು ಸವೆಸಿದ ತಗ್ಗುಗಳು, ಗಂಜಲದ ಕಪ್ಪು ಕಲೆ ಕಂಡವು. ಸರಿಯೇ. ಆಮೇಲೆ ಬಲದ ಹುಲ್ಲು ಸರಿಸಿದೆ. ಅಲ್ಲೂ ಅಂಥವೇ ತಗ್ಗುಗಳಿದ್ದವು. ಬೇಸಿಗೆಯಿಡೀ ಒಂದು ಹನಿ ಮಳೆ ಬಿದ್ದಿರಲಿಲ್ಲ, ಆದರೂ ಮುಟ್ಟಿದಾಗ ಬೆರಳು ಒದ್ದೆಯಾಯಿತು.

"ಥೀಯಾ, ಬಲಗಡೆ ಯಾವ್ದಾದ್ರೂ ಕುದುರೆ ನಿಲ್ಲಿಸಿದ್ಯಾ?"

"ಯಾವ ಕುದುರೆ? ಇರೋದೇ ಒಂದು. ಹೋಬರ್ಟನ ಕಾಲದ ಗುರುತಿರ್ಬೇಕು."

ಹೋಬರ್ಟ್ ನಮಗೆ ಟ್ಯಾನ್ಸಿಯನ್ನೂ ಟ್ರೇಲರನ್ನೂ ಒಟ್ಟಿಗೆ ಮಾರಿದವನು. ಟ್ಯಾನ್ಸಿಗೆ ಒಂದು ಜೋಡಿ ಕುದುರೆ ಇತ್ತು, ಬಲಕ್ಕೆ ನಿಲ್ಲುತ್ತಿತ್ತು. ಮಾರುವ ಮೊದಲೇ ಅದು ಸತ್ತಿತ್ತು. ಇವಳು ಬೇರೆ ಯಾವ ಟ್ರೇಲರನ್ನೂ ಹತ್ತುವುದಿಲ್ಲ ಎಂದು ಹೇಳಿಯೇ ಕೊಟ್ಟಿದ್ದ.

"ಆಮೇಲೆ ವರ್ನ್ ಪೂರ್ತಿ ನೆಲ ಬದಲಿಸಿದ್ನಲ್ಲ," ಎಂದೆ. ವರ್ನ್ ಅವಳ ಗಂಡ, ತೀರಿಕೊಂಡು ಕೆಲವು ವರ್ಷವಾಗಿತ್ತು.

ಥೀಯಾ ಜಗಲಿಯಿಂದೆದ್ದಳು. "ಹೋಗು, ಮರ ತಗೊಂಡು ಬಾ," ಎಂದಳು.

ಸಾಮಿಲ್ಲಿನ ಆರ್ನೆ ಅಂಗಡಿ ಮುಚ್ಚಲು ಹೊರಟಿದ್ದ. ನಾನು ಒಂದೊಂದೇ ಹಲಗೆ ಎತ್ತಿ, ಅಂಚಿಗೆ ಕಣ್ಣಿಟ್ಟು, ಬೆರಳಿನಿಂದ ತಟ್ಟಿ ನೋಡಿದೆ. ಹುಳು ಹಿಡಿಯದಂತೆ ಔಷಧಿ ಹಾಕಿದ ಪೈನ್ ಮರ ಇನ್ನೂ ಹಸಿಯಾಗಿತ್ತು, ಒಣಗಿದರೆ ಸೊಟ್ಟಗಾಗುತ್ತದೆ.

"ಮದುವೆಗೆ ಹೆಣ್ಣು ನೋಡ್ತಿದ್ದೀಯೇನಪ್ಪಾ?" ಎಂದ ಆರ್ನೆ.

"ಓಕ್ ಇಲ್ವಾ?"

"ಪೂರ್ವದಿಂದ ಬರ್ಬೇಕು. ಬರೋಷ್ಟ್ರಲ್ಲಿ ಇಲ್ಲಿ ಬೂದಿ ಇರುತ್ತೆ. ನಮ್ಮ ಬೆಟ್ಟದ ಲಾರ್ಚ್ ಮರಾನೇ ತಗೋ."

ಲಾರ್ಚ್ ಚೆನ್ನಾಗಿತ್ತು. ಒತ್ತೊತ್ತಾದ ಉಂಗುರಗಳು, ಗಂಟು ಕಡಿಮೆ. ಉಜ್ಜಿರದ ಒರಟು ಮೈ, ಗೊರಸು ಜಾರುವುದಿಲ್ಲ. ಆದರೆ ಒಂದು ಬದಿಗಾಗುವಷ್ಟೇ ಇತ್ತು. ಉಳಿದದ್ದನ್ನು ಬೆಂಕಿ ಆರಿಸುವವರು ಸೇತುವೆಗೆ ಒಯ್ದಿದ್ದರು.

"ಇನ್ನೊಂದು ಕಡೆ ಯಾವ್ದಾದ್ರೂ ತೆಳ್ಳಂದು ಹಾಕು," ಎಂದ ಆರ್ನೆ. "ಅಲ್ಲಿ ನಿಲ್ಲೋದು ಗಾಳಿ ತಾನೆ?"

ನಾನು ನಗಬೇಕಿತ್ತು, ಆಗಲಿಲ್ಲ. ಆದರೂ ಗಂಟುಗಂಟಾದ ತೆಳು ಪೈನನ್ನೇ ತಂದೆ. ಎಡಕ್ಕೆ ಲಾರ್ಚ್, ಬಲಕ್ಕೆ ಪೈನು. ನೀರಿಳಿಯಲು ನಡುವೆ ಸಂದು ಬಿಟ್ಟು ಬಿಗಿದೆ. ಎಡಬದಿಯನ್ನು ಮೂರು ಸಲ ಪರೀಕ್ಷಿಸಿದೆ. ಬಲಬದಿಯನ್ನು ತುಳಿದೂ ನೋಡಲಿಲ್ಲ.

ಮರುದಿನ ಮಧ್ಯಾಹ್ನ ಹೊಗೆಯ ಹಿಂದೆ ಸೂರ್ಯ ಕುಂಕುಮದ ಬೊಟ್ಟಿನಂತಿದ್ದಾಗ ಶೆರಿಫನ ಪೊಲೀಸ್ ಗಾಡಿ ಕೂಗುತ್ತ ಹೋಯಿತು: ಈಗಲೇ ಹೊರಡಿ.

ಟ್ಯಾನ್ಸಿ ಹತ್ತಲಿಲ್ಲ. ಇಷ್ಟು ವರ್ಷ ತಾನೇ ಒಳಗೆ ನಡೆಯುತ್ತಿದ್ದವಳು ಮುಂಗಾಲೊಂದನ್ನು ಇಟ್ಟು, ಬಲಕ್ಕೆ ಕತ್ತು ತಿರುಗಿಸಿ, ಬುಸುಗುಟ್ಟಿ ಹಿಂದೆ ಸರಿದಳು. ಹೊಸ ಮರದ ವಾಸನೆಯಿರಬಹುದೆಂದು ಹಳೆಯ ಹುಲ್ಲು ಹರಡಿದೆ. ಓಟ್ಸ್ ತೋರಿಸಿದೆ. ಥೀಯಾ ಬೇಡಿಕೊಂಡಳು, ಬೈದಳು, ಕೊನೆಗೆ ಅವಳ ಕುತ್ತಿಗೆಗೆ ಹಣೆಯಿಟ್ಟು ಅತ್ತಳು. ಕುದುರೆ ಬಲಬದಿಯನ್ನೇ ನೋಡುತ್ತಿತ್ತು.

ನಾನು ಒಳಹೋಗಿ ಬಲದ ಹಲಗೆಯ ಮೇಲೆ ನಿಂತೆ. ನನ್ನೊಬ್ಬನ ಭಾರಕ್ಕೇ ಅದು ಬಗ್ಗಿತು.

"ಇದು ತಡೆಯಲ್ಲ," ಎಂದೆ. ಯಾರನ್ನು ಎಂದು ಥೀಯಾ ಕೇಳಲಿಲ್ಲ. ಕಣ್ಣೊರೆಸಿಕೊಂಡು ಮನೆಯತ್ತ ನೋಡಿದಳು.

"ಜಗಲಿಯ ಹಲಗೆ ಕೀಳು."

"ವರ್ನ್ ಹಾಕಿದ್ದಲ್ವಾ ಅದು?"

"ಲಾರ್ಚೇ, ದಪ್ಪಂದು. ಮನೆ ಸುಟ್ಟೋದ್ಮೇಲೆ ಜಗಲಿ ಮೇಲೆ ಯಾರು ಕೂರ್ತಾರೋ? ಕೀಳು ಅಂದೆನಲ್ಲ!"

ಕೂದಲ ಮೇಲೆ ಬೂದಿ ಬೀಳುತ್ತಿತ್ತು. ಅವಳು ಸಲಾಕೆಯಿಂದ ಮೀಟಿದಳು, ನಾನು ಕೊಯ್ದೆ, ಬಿಗಿದೆ. ಕೊನೆಯ ಹಲಗೆ ಕೂತಾಗ ಅದರ ಮೇಲೆ ಜಿಗಿದು ನೋಡಿದೆ. ಅಲುಗಲಿಲ್ಲ. ಕೆಳಗಿಳಿದೆ. ಟ್ಯಾನ್ಸಿ ಮಾತ್ರ ಇನ್ನೂ ಕಾಯುತ್ತಿದ್ದಳು. ಖಾಲಿ ಟ್ರೇಲರಿನ ಬಲಗಡೆಯ ಸ್ಪ್ರಿಂಗು ಕಿರ್ರೆಂದು ತಗ್ಗಿತು. ಆಮೇಲೆ ಅವಳು ತಾನಾಗಿ ಎಡಕ್ಕೆ ಹತ್ತಿ ನಿಂತಳು.

ದಾರಿಯುದ್ದಕ್ಕೂ ನಾನು ಕನ್ನಡಿ ನೋಡುತ್ತಿದ್ದೆ. ಒಂದೇ ಕುದುರೆಯಿದ್ದರೆ ಟ್ರೇಲರ್ ಎಡಕ್ಕೆ ತುಸು ವಾಲಬೇಕು. ಅದು ವಾಲಿರಲಿಲ್ಲ. ಥೀಯಾಳೂ ಕನ್ನಡಿ ನೋಡುತ್ತಿದ್ದಳು.

"ನಿಧಾನ," ಎಂದಳು. "ಭಾರ ಇದೆ."

ಪಕ್ಕದ ಪಟ್ಟಣದ ಮೈದಾನದಲ್ಲಿ ಪ್ರಾಣಿಗಳಿಗೆ ಜಾಗ ಮಾಡಿದ್ದರು. ಹಿಂಬಾಗಿಲು ತೆರೆದು ಟ್ಯಾನ್ಸಿಯ ಹಿಂದಿನ ಅಡ್ಡಪಟ್ಟಿ ಬಿಚ್ಚಿದೆ. ಅವಳು ಇಳಿಯಲಿಲ್ಲ. ಎಳೆದರೂ ಕದಲಲಿಲ್ಲ. ಬಲಕ್ಕೆ ಮುಖ ಮಾಡಿ ಮೆಲ್ಲಗೆ ಕೆನೆದಳು.

ಥೀಯಾ ನನ್ನತ್ತ ನೋಡಿದಳು. ನಾನು ಬಲಬದಿಯ ಅಡ್ಡಪಟ್ಟಿಯನ್ನೂ ಬಿಚ್ಚಿ ಪಕ್ಕಕ್ಕೆ ಸರಿದೆ. ವರ್ನನ ಹಲಗೆಗಳ ಮೇಲೆ ಒಂದು, ಮತ್ತೊಂದು ಗೊರಸಿನ ಸದ್ದಾಯಿತು. ಸ್ಪ್ರಿಂಗು ಮೇಲೆದ್ದಿತು. ನನ್ನ ಮುಖಕ್ಕೆ ಬಿಸಿಯುಸಿರು ತಾಗಿ ಹೋಯಿತು.

ಆಗ ಟ್ಯಾನ್ಸಿ ಇಳಿದಳು.

ಮೈದಾನದಲ್ಲಿ ಜಾಗ ಹಂಚುತ್ತಿದ್ದ ಹುಡುಗಿ ಓಡಿಬಂದು, "ಎಷ್ಟು ಜಾಗ ಬೇಕಮ್ಮಾ?" ಎಂದು ಕೇಳಿದಳು.

"ಸ್ವಲ್ಪ ದೊಡ್ಡದೇ ಕೊಡು," ಎಂದಳು ಥೀಯಾ.